ಬೆಳಗಿನ ನಂಬರ್, ಮಧ್ಯಾಹ್ನದ ನಂಬರ್

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಟೀ ಅಂಗಡಿಯಲ್ಲಿ ಇನ್ನೂ ಒಲೆ ಹೊತ್ತಿಲ್ಲ. ಪಕ್ಕದ ತಗಡಿನ ಮಾಡಿನ ಕೆಳಗೆ ಮಾತ್ರ ಬೈಗುಳ ಆಗಲೇ ಹೊತ್ತಿಕೊಂಡಿದೆ.

"ಯಾವ ಎಣ್ಣೆ ಉಯ್ದೆ ಅಂತ ಕೇಳ್ದೆ ಕಣ್ಲಾ ಪರಮೇಶ. ಒಳ್ಳೆ ಎಣ್ಣೆ ಅಂತೀಯಲ್ಲ, ಒಳ್ಳೆ ಎಣ್ಣೆ ಅನ್ನೋದು ಒಂದು ಹೆಸ್ರಾ?"

"ಗಟ್ಟಿ ಎಣ್ಣೆ ಕಣಕ್ಕ, ಟ್ರ್ಯಾಕ್ಟ್ರು ಗೇರಿಗೆ ಆಕದು. ಬೆಳ್ಳಲ್ಲಿ ಎಳೆ ಎಳ್ದು ನೋಡೇ ತಕಂಡಿವ್ನಿ. ಎಲ್ಡೆಳೆ ಪಾಕ ಬಂದಂಗೆ ಬಂತು."

"ಪಾಕ! ನೀ ಬೆಲ್ಲ ಕಾಯ್ಸಕೆ ಓಗಿದ್ದಾ, ಕಳೆ ತಗ್ಯಕೆ ಓಗಿದ್ದಾ?"

ಹನೂರು ಕಡೆಯ ರೈತ ಪರಮೇಶ ತಲೆ ಕೆರೆದುಕೊಳ್ಳುತ್ತಾರೆ. ನಾಲ್ಕು ಗಂಟೆಗೇ ಎದ್ದು, ಕಳೆ ತೆಗೆಯುವ ಯಂತ್ರವನ್ನು ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಬಂದವರು ಅವರು. ಊರ ಬಾಯಲ್ಲಿ ಅದಕ್ಕೆ ವೀಡರ್ ಎಂದೇ ಹೆಸರು. ಹಗ್ಗ ಎಳೆದರೆ ಅಲ್ಲಾಡುತ್ತಿಲ್ಲ. ರುದ್ರಾಣಿ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಯಂತ್ರವನ್ನು ಮಗುವಿನಂತೆ ಒಂದು ಮಗ್ಗುಲಿಗೆ ಒರಗಿಸಿ ತಳದ ಬೋಲ್ಟ್ ಬಿಚ್ಚುತ್ತಾರೆ. ಬೆಳಗಿನ ಚಳಿಯಲ್ಲಿ ಎಣ್ಣೆ ಸುರಿಯುವುದಿಲ್ಲ. ಯೋಚಿಸಿ ಯೋಚಿಸಿ ಇಳಿಯುತ್ತದೆ.

"ನೋಡ್ಲಾ ಅದ್ರ ನಡ್ಗೆಯ. ನಮ್ಮತ್ತೆ ಬೆಟ್ಟದ ಮೆಟ್ಲು ಇಳ್ದಂಗೆ ಇಳೀತಾ ಅದೆ. ಇದು ಓಡ್ಬಂದು ನಿನ್ನ ಮಿಷನ್ನ ಉಳಿಸ್ತದಾ?"

ನಲವತ್ತೊಂಬತ್ತರ ರುದ್ರಾಣಿಗೆ ಈ ಮಾತು ದಿನಕ್ಕೆ ನಾಲ್ಕು ಸಲವಾದರೂ ಆಡಬೇಕಾಗುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ಕಡೆಯಿಂದ ವೀಡರ್, ಹುಲ್ಲು ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಯಂತ್ರ, ಸಣ್ಣ ಪೆಟ್ರೋಲ್ ಪಂಪು ಇವರ ಮಾಡಿನ ಕೆಳಗೆ ಬಂದು ಬೀಳುತ್ತವೆ. ಬಿಡುವಿನ ದಿನ ಆರು, ಕಳೆಯ ಕಾಲಕ್ಕೆ ಹನ್ನೆರಡು, ಹದಿಮೂರು. ಹತ್ತು ಕೆಟ್ಟ ಎಂಜಿನ್ ಬಂದರೆ ಏಳಕ್ಕೆ ಯಾವ ರೋಗವೂ ಇರುವುದಿಲ್ಲ, ತಪ್ಪು ಎಣ್ಣೆ ಕುಡಿದಿರುತ್ತವೆ ಎನ್ನುವುದು ಅವರ ಲೆಕ್ಕ.

ಈ ಎಂಜಿನ್ನುಗಳ ಒಳಗೆ ಎಣ್ಣೆ ಎತ್ತಿಕೊಡಲು ಪಂಪು ಇಲ್ಲ. ತಿರುಗುವ ದಂಡದ ತುದಿಯಲ್ಲಿ ಒಂದು ಚಿಕ್ಕ ನಾಲಿಗೆ ಇದೆ, ರುದ್ರಾಣಿ ಅದನ್ನು ಸೌಟು ಎನ್ನುತ್ತಾರೆ. ಸೌಟು ತಳದ ಎಣ್ಣೆಗೆ ಬಡಿದು ಮೇಲಕ್ಕೆ ಎರಚಬೇಕು. ಆ ಹನಿಗಳೇ ಒಳಗಿನ ಎಲ್ಲವನ್ನೂ ನೆನೆಸಬೇಕು. ಎಣ್ಣೆ ಪಾಯಸದಂತೆ ಗಟ್ಟಿಯಾಗಿದ್ದರೆ ಸೌಟು ಅದರಲ್ಲಿ ಕಾಲುವೆ ತೋಡಿಕೊಂಡು ತಾನೊಂದೇ ತಿರುಗುತ್ತದೆ. ಮೇಲೆ ಒಂದು ಹನಿಯೂ ಸಿಡಿಯುವುದಿಲ್ಲ. ತಳದಲ್ಲಿ ತುಂಬಿದ ಎಣ್ಣೆ, ಮೇಲೆ ಒಣಗಿದ ಲೋಹ. ಹೊಳೆಯ ದಂಡೆಯಲ್ಲೇ ಬಾಯಾರಿ ಸತ್ತಂತೆ.

ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಕಡಲಾಚೆಯ ಗಿಣಿಯೊಳಗೆ ಇರುತ್ತದೆ. ಈ ಕಬ್ಬಿಣದ ಪ್ರಾಣ ಅರ್ಧ ಲೀಟರಿನಷ್ಟು ಎಣ್ಣೆಯೊಳಗೆ ಇದೆ. ಕಥೆಯ ರಾಜಕುಮಾರನಿಗೆ ಗಿಣಿ ಎಲ್ಲಿದೆ ಎಂದು ಹೇಳಲು ಕಾಡಿನ ಮುದುಕಿಯೊಬ್ಬಳಾದರೂ ಸಿಗುತ್ತಿದ್ದಳು. ಇಲ್ಲಿಯ ರೈತನಿಗೆ ಯಂತ್ರ ಮಾರಿದವರು ಅಷ್ಟೂ ಹೇಳಿಲ್ಲ. ಜೊತೆಗೆ ಕೊಡುವ ಪುಸ್ತಕದಲ್ಲಿ ಇಂಗ್ಲಿಷ್ ಇದೆ, ಚೀನೀ ಅಕ್ಷರ ಇದೆ, ಕನ್ನಡದ ಒಂದು ಒತ್ತಕ್ಷರವೂ ಇಲ್ಲ.

ಹೇಳುವವರು ಇಲ್ಲದಿದ್ದಾಗ ಜನ ತಮ್ಮ ಬೆರಳನ್ನು ನಂಬುತ್ತಾರೆ. ಸತ್ತೇಗಾಲದ ಸುತ್ತ ಆಲೆಮನೆಗಳಲ್ಲಿ ಬೆಲ್ಲ ಇಳಿಸುವ ಹದವನ್ನು ನೋಡುವುದೇ ಹೆಬ್ಬೆರಳು, ತೋರುಬೆರಳಿನ ನಡುವೆ. ಎಳೆ ಉದ್ದ ಬಂದಷ್ಟೂ ಪಾಕ ಒಳ್ಳೆಯದು. ಅದೇ ಬೆರಳು ಎಣ್ಣೆ ಅಂಗಡಿಯಲ್ಲೂ ಕೆಲಸ ಮಾಡುತ್ತದೆ. ಡಬ್ಬಿಯ ಮುಚ್ಚಳ ತೆಗೆಸಿ, ಒಂದು ಹನಿ ಹಿಡಿದು, ಎಳೆದು ನೋಡುತ್ತಾರೆ. ಎಳೆ ಬಾರದ ಎಣ್ಣೆ ಅವರಿಗೆ ನೀರು ಬೆರೆಸಿದ ಎಣ್ಣೆ. ಅಂಗಡಿಯವನು ಸುಮ್ಮನಿರುತ್ತಾನೆ. ಅವನ ಡಬ್ಬಿ ಖಾಲಿಯಾಯಿತಲ್ಲ, ಅಷ್ಟು ಸಾಕು.

"ಡಬ್ಬಿ ಮ್ಯಾಲೆ ಎಲ್ಡು ನಂಬರ್ ಅದೆ ನೋಡಿ," ಎಂದು ರುದ್ರಾಣಿ ತೋರಿಸುತ್ತಾರೆ. "ಮೊದುಲ್ನೇದು ಬೆಳಗ್ಗಿಂದು. ಚಳೀಲಿ ಎಣ್ಣೆ ಎಷ್ಟು ಬೇಗ ಏಳ್ತದೆ ಅಂತ. ಚಿಕ್ಕದಿದ್ದಷ್ಟೂ ಬೇಗ ಏಳ್ತದೆ. ಎರಡ್ನೇದು ಮಧ್ಯಾನದ್ದು. ಎಂಜಿನ್ ಕಾದು ಕೆಂಡ ಆದಾಗ ಎಷ್ಟು ಗಟ್ಟಿಯಾಗಿ ನಿಲ್ತದೆ ಅಂತ. ಅತ್ತು, ಮೂವತ್ತು ಅಂದ್ರೆ ಬೆಳಿಗ್ಗೆ ಬೇಗ ಎದ್ದು ಮಧ್ಯಾನ ಜಗ್ಗದೆ ದುಡಿಯೋ ಸೊಸೆ. ಇಷ್ಟೇಯ ವಿದ್ಯೆ. ಇಷ್ಟ ಯೋಳಕೆ ಮಿಷನ್ ಮಾರೋರ್ಗೆ ಬಾಯಿಲ್ವಾ?"

ಮಾಡಿನ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಅವರದೇ ಪಂಚಾಂಗ ಇದೆ. 'ಬೆಟ್ಟದ ಕಡೆ: 10W-30. ಬಯಲು, ಬೇಸಿಗೆ, ದಿನವಿಡೀ ಕೆಲಸ: ಬರಿಯ 30.' ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದಲ್ಲಿ ಮಾಗಿಯ ಬೆಳಗ್ಗೆ ಯಂತ್ರ ಹೊರಡಿಸುವವರಿಗೂ ಗೋಪಿನಾಥಂ ಕಡೆಯ ಬಿಸಿಲಲ್ಲಿ ಉಳುವವರಿಗೂ ಒಂದೇ ಎಣ್ಣೆ ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಬಯಲಿನವರು 10W-30 ಹಾಕಿದರೆ ಎಂಜಿನ್ ಸಾಯುವುದಿಲ್ಲ. ಆದರೆ ಬಿಸಿಗೆ ಎಣ್ಣೆ ಬೇಗ ಖರ್ಚಾಗುತ್ತದೆ, ದಿನಾ ಅಳತೆಕಡ್ಡಿ ಅದ್ದಿ ನೋಡಬೇಕು. ಪಟ್ಟಿಯ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು: 'ಎಂಜಿನ್‌ಗೆ ಗೇರ್ ಎಣ್ಣೆ ಹಾಕಿದವರು ಇಲ್ಲಿಗೆ ಬರಬೇಡಿ.' ಅದರ ಕೆಳಗೆ ಬೇರೆ ಕೈಬರಹ: 'ಬನ್ನಿ. ಬೈಸಿಕೊಳ್ಳಲು ತಯಾರಾಗಿ ಬನ್ನಿ.'

ಆ ಕೈಬರಹ ಗಂಡ ಗುರುಸ್ವಾಮಿಯವರದು. ಒಳಗಿನ ಅರ್ಧ ಅಂಗಡಿಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಾ ಕೂರುವ ಅವರು ತಲೆ ಎತ್ತದೆಯೇ ಹೇಳುತ್ತಾರೆ: "ಇವ್ಳ ಬಾಯ್ಗೆ ಯಾವ ನಂಬರ್ ಎಣ್ಣೆನೂ ಬ್ಯಾಡ ಕಣ್ರಿ. ಚಳೀಲೂ ಒಂದೇ ಎಳ್ತಕ್ಕೆ ಸ್ಟಾರ್ಟು."

ಈ ಸಿಟ್ಟಿಗೆ ಒಂದು ಬೇರಿದೆ. ಅದು ಸತ್ತೇಗಾಲದ ಆಲೆಮನೆಯಲ್ಲಿದೆ.

ರುದ್ರಾಣಿಯ ತಂದೆ ಶಿವಯ್ಯನವರದು ಕಬ್ಬಿನ ಗದ್ದೆ, ಸ್ವಂತ ಆಲೆಮನೆ. ಗಾಣ ತಿರುಗಿಸಲು ನಿಧಾನಗತಿಯ ಹಳೆಯ ಡೀಸೆಲ್ ಎಂಜಿನ್. ಅದನ್ನು ನೋಡಿಕೊಳ್ಳುತ್ತಿದ್ದವರು ಆಳು ಚಿಕ್ಕಸಿದ್ದಯ್ಯ. ಹದಿನಾಲ್ಕು ವರ್ಷದ ರುದ್ರಾಣಿಗೆ ಎಂಜಿನ್ನಿನ ಡುಗುಡುಗು ಎಂದರೆ ಜೀವ. ಒಂದು ಮಾಗಿಯ ಬೆಳಗ್ಗೆ ಚಿಕ್ಕಸಿದ್ದಯ್ಯ ಹಳೆಯ ಎಣ್ಣೆ ಬಸಿದು, ಹೊಸ ಡಬ್ಬಿ ತರಲು ಮನೆ ಕಡೆ ಹೋಗಿದ್ದರು. ಹುಡುಗಿ ಸಹಾಯ ಮಾಡಲು ಹೊರಟಳು. ಗಾಣದ ಹಲ್ಲುಚಕ್ರಕ್ಕೆಂದು ಇಟ್ಟಿದ್ದ ಗಟ್ಟಿ ಎಣ್ಣೆ ಮೂಲೆಯಲ್ಲಿತ್ತು. ಬೆರಳಲ್ಲಿ ಎಳೆದು ನೋಡಿದಳು. ಬೆಲ್ಲದಂತೆ ಎಳೆ ಬಂತು. ಇದಕ್ಕಿಂತ ಒಳ್ಳೆಯದು ಎಲ್ಲಿದೆ ಎಂದುಕೊಂಡು ಎಂಜಿನ್ನಿಗೆ ಸುರಿದು ಮುಚ್ಚಳ ಮುಚ್ಚಿದಳು. ಚಿಕ್ಕಸಿದ್ದಯ್ಯ ಬಂದು ಕಡ್ಡಿ ಅದ್ದಿ ನೋಡಿದರು. ಎಣ್ಣೆ ಗುರುತಿನವರೆಗೂ ಇತ್ತು, ಯಜಮಾನರೇ ಹಾಕಿಸಿರಬೇಕು ಎಂದು ಎಂಜಿನ್ ಹೊರಡಿಸಿದರು.

ಅರ್ಧ ಗಂಟೆಗೆ ಎಂಜಿನ್ ಕಿರುಚಿ ನಿಂತಿತು. ಕೊಪ್ಪರಿಗೆಯಲ್ಲಿದ್ದ ಕಬ್ಬಿನ ಹಾಲು ಹುಳಿಯಾಯಿತು. ಎಣ್ಣೆ ಹಾಕದೆ ಓಡಿಸಿದ ಎಂದು ಶಿವಯ್ಯ ಚಿಕ್ಕಸಿದ್ದಯ್ಯನವರಿಗೆ ಹೊಡೆದರು, ಅಂದೇ ಕೆಲಸದಿಂದ ತೆಗೆದುಹಾಕಿದರು. ಮುಚ್ಚಳ ತೆಗೆದು ನೋಡುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಹುಡುಗಿ ಕಂಬದ ಹಿಂದೆ ಬೆರಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾ ನಿಂತಿದ್ದಳು.

ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದು, ಗಂಡನ ಅಂಗಡಿಯಲ್ಲಿ ಕೈ ಕೊಳೆ ಮಾಡಿಕೊಂಡು ಕೆಲಸ ಕಲಿತ ಮೇಲೆ ರುದ್ರಾಣಿ ಚಿಕ್ಕಸಿದ್ದಯ್ಯನವರನ್ನು ಹುಡುಕಿಕೊಂಡು ಹೋದರು. ಅವರು ಹನೂರು ಕಡೆ ಒಂದು ಹಟ್ಟಿಯಲ್ಲಿ ಕುರಿ ಮೇಯಿಸಿಕೊಂಡಿದ್ದರು. ನಡೆದದ್ದನ್ನು ಹೇಳಿದಾಗ ಅವರು ಆಡಿದ ಮಾತು ರುದ್ರಾಣಿಗೆ ಇವತ್ತಿಗೂ ಬಾಯಿಪಾಠ: "ನಿನ್ನ ಲಂಗದ ಮ್ಯಾಲೆ ಎಣ್ಣೆ ಕರೆ ನಾನವತ್ತೇ ಕಂಡಿದ್ದೆ ಕಣವ್ವ. ಯೋಳಿದ್ರೆ ಯಾರು ನಂಬೋರು? ಯಜಮಾನ್ರ ಮಗಳ ಮ್ಯಾಲೆ ತಪ್ಪು ಒರಿಸ್ತೀಯಾ ಅಂತ ಇನ್ನೆಲ್ಡು ಬೀಳವು."

ಇದನ್ನು ಹೇಳಿ ರುದ್ರಾಣಿ ಸ್ಪ್ಯಾನರ್ ಕೆಳಗಿಡುತ್ತಾರೆ. "ಬಾಯ್ಮುಚ್ಕಂಡು ನಿಂತಿದ್ದು ಅದೊಂದೇ ಸಲ."

ಹೀಗಿರುವ ರುದ್ರಾಣಿಯ ಮುಂದೆ ಕಳೆದ ಡಿಸೆಂಬರಿನಲ್ಲಿ ಸಹಿಗೆಂದು ಆರು ಕಾಗದ ಬಂದವು.

ಧನಗೆರೆಯ ಮಹಿಳಾ ಸಂಘಕ್ಕೆ ಸಹಾಯಧನದಲ್ಲಿ ಒಂಬತ್ತು ವೀಡರ್ ಸಿಕ್ಕಿದ್ದವು. ಹಿಪ್ಪುನೇರಳೆ, ಅರಿಶಿನ, ಕಬ್ಬಿನ ಹೊಲಗಳಿಗೆ ಹೋಗಿ ಕಳೆ ತೆಗೆದುಕೊಡುವುದು ಸಂಘದ ಕೆಲಸ. ಯಂತ್ರ ಹಂಚುವ ದಿನ ಶಾಮಿಯಾನ, ಮೈಕು, ಫೋಟೊ ಎಲ್ಲವೂ ಇದ್ದವು. ಎಣ್ಣೆಯನ್ನು ಮಾರಾಟಗಾರರ ಕಡೆಯವರೇ ತುಂಬಿ ಮುಚ್ಚಳ ಬಿಗಿದು ಕೊಟ್ಟರು. ತರಬೇತಿ ಇಪ್ಪತ್ತು ನಿಮಿಷ, ಅದರಲ್ಲಿ ಹತ್ತು ನಿಮಿಷ ಸ್ವಾಗತ ಭಾಷಣ. ಹನ್ನೊಂದು ದಿನದಲ್ಲಿ ಆರು ಯಂತ್ರ ಹಿಡಿದುಕೊಂಡು ನಿಂತವು.

"ಅಳ್ಳಿಕಟ್ಟೇಲಿ ಕೂತಿರೋರ್ಗೆ ಅಬ್ಬವೋ ಅಬ್ಬ," ಎನ್ನುತ್ತಾರೆ ಸಂಘದ ಮುಂದಾಳು ಚನ್ನಮಲ್ಲಮ್ಮ. "ಎಂಗುಸ್ರ ಕೈಗೆ ಮಿಷನ್ ಕೊಟ್ರೆ ಇನ್ನೇನಾಯ್ತದೆ, ಒಲೆ ಅಂತ ತಿಳ್ಕಂಡು ಊದಿರ್ಬೇಕು ಅಂತ ನಗೋರು. ನಾವು ಎದುರ್ಗೆ ಬಂದ್ರೆ ಒಲೆ ಊದ್ದಂಗೆ ಉಸ್ ಉಸ್ ಅನ್ನೋರು."

ಆ ವೀಡರ್ ಕಂಪನಿಯ ಅಧಿಕೃತ ಸರ್ವೀಸ್ ಎಂಬ ನೀಲಿ ಬೋರ್ಡು ಆಗ ರುದ್ರಾಣಿಯ ಅಂಗಡಿಯ ಮೇಲಿತ್ತು. ಆರೂ ಯಂತ್ರ ಅಲ್ಲಿಗೇ ಬಂದವು. ಮೊದಲನೆಯದನ್ನು ಬಿಚ್ಚಿದರು. ಒಳಗಿನ ದಂಡ ಸುಟ್ಟು ಅಂಟಿಕೊಂಡಿತ್ತು, ಎಣ್ಣೆ ಮಾತ್ರ ಗುರುತಿನವರೆಗೂ ತುಂಬಿತ್ತು. ಮೂಗಿನ ಹತ್ತಿರ ಹಿಡಿದರು. ಗಂಧಕದ ನಾತ. ಗೇರ್ ಎಣ್ಣೆಗೆ ಮಾತ್ರ ಇರುವ ನಾತ ಅದು. ನೂರಾ ನಲವತ್ತು ನಂಬರಿನದು. ಉಳಿದ ಐದರಲ್ಲೂ ಅದೇ. ಯಂತ್ರದ ಗೇರ್ ಪೆಟ್ಟಿಗೆಗೂ ಎಂಜಿನ್ನಿಗೂ ಒಂದೇ ಡಬ್ಬಿಯಿಂದ ಸುರಿದು ಕೈ ತೊಳೆದುಕೊಂಡಿದ್ದರು.

ಮೂರನೆಯ ದಿನ ಮಾರಾಟಗಾರರ ಪ್ರತಿನಿಧಿ ಉದಯಕುಮಾರ್ ಬೈಕಿನಲ್ಲಿ ಬಂದರು. ಕೈಯಲ್ಲಿ ಆರು ಫಾರಂ. ಕೆಟ್ಟುಹೋದ ಕಾರಣ ಎಂಬಲ್ಲಿ ಮೂರು ಚೌಕ: ಎಣ್ಣೆ ಹಾಕಿಲ್ಲ, ಎಣ್ಣೆ ಕಡಿಮೆ, ಬಳಕೆದಾರರು ಬಿಚ್ಚಿದ್ದಾರೆ.

"ಮೊದಲನೇದಕ್ಕೆ ಟಿಕ್ ಹಾಕಿ ಸೈನ್ ಮಾಡ್ಬಿಡಿ ಮೇಡಂ. ಫಾರ್ಮಾಲಿಟಿ ಅಷ್ಟೇ."

"ಎಣ್ಣೆ ತುಂಬಿ ತುಳುಕ್ತಾ ಅದೆ ಕಣಪ್ಪ."

"ಇರಬಹುದು ಮೇಡಂ. ಆದ್ರೆ ಫಾರಮ್ಮಲ್ಲಿ ಅದಕ್ಕೆ ಜಾಗ ಇಲ್ವಲ್ಲ."

"ಓಹೋ. ತಪ್ಪು ನಿಮ್ದಾದ್ರೆ ಬರ್ಯಕೆ ಜಾಗನೇ ಮಡಗಿಲ್ಲ ಅನ್ನು."

"ನೋಡಿ ಮೇಡಂ, ಅವ್ರು ಹೆಂಗಸ್ರು. ಮಿಷನ್ ವಿಷ್ಯ ಅವ್ರಿಗೇನು ಗೊತ್ತಾಗುತ್ತೆ?"

ರುದ್ರಾಣಿ ಕಪ್ಪು ಕೈ ಎರಡನ್ನೂ ಅವರ ಮುಖದ ಮುಂದೆ ಹಿಡಿದರು. "ನಾನ್ಯಾರಪ್ಪ?"

ಆ ಚೌಕದಲ್ಲಿ ಒಂದು ಗೆರೆ ಬಿದ್ದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಬಳಕೆದಾರರ ತಪ್ಪು ಎಂದಾದರೆ ಒಂಬತ್ತೂ ಯಂತ್ರ ವಾಪಸು, ಸಂಘದ ಹೆಸರು ಪಟ್ಟಿಯಿಂದ ಹೊರಗೆ. ಧನಗೆರೆಯ ಹೆಂಗಸರು ಯಂತ್ರ ನಡೆಸಲು ಲಾಯಕ್ಕಿಲ್ಲ ಎಂದು ಸರ್ಕಾರಿ ಕಡತದಲ್ಲಿ ಬರೆದುಹೋಗುತ್ತದೆ. ಕಡತದಲ್ಲಿ ಬರೆದದ್ದು ಹಣೆಯಲ್ಲಿ ಬರೆದದ್ದಕ್ಕಿಂತ ಗಟ್ಟಿ.

ಗುರುಸ್ವಾಮಿ ಅಂದು ಮೊದಲ ಬಾರಿಗೆ ತಂತಿ ಬಿಟ್ಟು ಎದ್ದು ಬಂದರು. "ಬರ್ಕೊಟ್ಬುಡೆ. ಬೋರ್ಡೇ ಓಯ್ತು ಅಂದ್ರೆ ಸ್ಪೇರ್ ಎಲ್ಲಿಂದ ತರ್ತೀಯ?" ಎಂದು ಮೆಲ್ಲಗೆ ಕೇಳಿದರು. ರುದ್ರಾಣಿ ಪೆನ್ನು ತೆಗೆದುಕೊಂಡರು. ಮೂರು ಚೌಕದ ಕೆಳಗೆ ಕೈಯಲ್ಲೇ ನಾಲ್ಕನೆಯದನ್ನು ಬರೆದರು. 'ಎಣ್ಣೆ ಪೂರ್ತಿ ಇದೆ. ಗೇರ್ ಎಣ್ಣೆ. ಹಾಕಿದ್ದು ಯಂತ್ರ ಕೊಟ್ಟವರು.' ಆರು ಫಾರಂ, ಆರು ಸಹಿ. ಗುರುಸ್ವಾಮಿ ಅದನ್ನು ಓದಿದರು. ಆಮೇಲೆ ಒಳಗೆ ಹೋಗಿ ಆರು ಖಾಲಿ ಬಾಟಲಿ ತಂದು, ಬಸಿದ ಎಣ್ಣೆ ತುಂಬಿ, ಒಂದೊಂದಕ್ಕೂ ಯಂತ್ರದ ನಂಬರಿನ ಚೀಟಿ ಅಂಟಿಸತೊಡಗಿದರು.

ವಾರದೊಳಗೆ ಕಂಪನಿಯವರು ಏಣಿ ತಂದು ನೀಲಿ ಬೋರ್ಡನ್ನು ಇಳಿಸಿಕೊಂಡು ಹೋದರು. ಈಗ ಒಂದು ಗ್ಯಾಸ್ಕೆಟ್ ಬೇಕೆಂದರೂ ರುದ್ರಾಣಿ ಮೈಸೂರಿನ ಬಸ್ಸು ಹತ್ತಬೇಕು.

ಸಹಾಯಧನ ಕೊಟ್ಟ ಇಲಾಖೆಯಲ್ಲಿ ವಿಚಾರಣೆ ಹಾಕಿಸಿದ್ದು ಚನ್ನಮಲ್ಲಮ್ಮ. ಕಚೇರಿಯ ಮೆಟ್ಟಿಲ ಮೇಲೆ ಸಂಘದ ಹದಿನೆಂಟು ಜನ ಬುತ್ತಿ ಕಟ್ಟಿಕೊಂಡು ಬಂದು ಕೂತಾಗ ಕಡತಕ್ಕೆ ಕಾಲು ಬಂತು. ಆದರೆ ವಿಚಾರಣೆ ಇಟ್ಟಿದ್ದು ಹನ್ನೊಂದೂವರೆಗೆ. ಬಿಸಿಲಲ್ಲಿ ಕಾದಿದ್ದ ಬಾಟಲಿಯನ್ನು ಉದಯಕುಮಾರ್ ಎಲ್ಲರೆದುರು ಬಗ್ಗಿಸಿದರು. ಎಣ್ಣೆ ಸರಾಗವಾಗಿ ಹರಿಯಿತು.

"ನೋಡಿ ಸರ್, ಎಷ್ಟು ಚೆನ್ನಾಗಿ ಹರೀತಿದೆ. ಇದ್ರಲ್ಲೇನಿದೆ ತಪ್ಪು?"

ಅಧಿಕಾರಿ ತಲೆಯಾಡಿಸಿ ಪೆನ್ನಿನ ಕ್ಯಾಪು ತೆಗೆದರು. ಆಗ ರುದ್ರಾಣಿ ಎದ್ದರು.

"ಸಾ, ನಿಮ್ಮ ಕಚೇರಿ ಬಾಗ್ಲು ತಗ್ಯದು ಅತ್ತೂವರೆಗೆ. ಒಲದ ಬಾಗ್ಲು ಆರ್ಗಂಟೆಗೇ ತಗೀತದೆ. ಎಂಜಿನ್ ಸತ್ತಿದ್ದು ಆರ್ಗಂಟೇಲಿ. ಎಣನ ಮಧ್ಯಾನ ನೋಡ್ಬುಟ್ಟು ಬೆಚ್ಚಗದೆ, ಬದ್ಕಿ ಅದೆ ಅಂದ್ರೆ ಎಂಗೆ? ನಾಳೆ ಆರ್ಗಂಟೆಗೆ ಧನಗೆರೆಗೆ ಬನ್ನಿ. ಬರಕಿಲ್ಲ ಅಂದ್ರೆ ಅದ್ನೂ ಕಡತದಲ್ಲಿ ಬರೀರಿ."

ಮಾರನೆಯ ಬೆಳಗ್ಗೆ ಅಧಿಕಾರಿ ಸ್ವೆಟರು, ಮಂಕಿ ಕ್ಯಾಪಿನಲ್ಲಿ ಬಂದರು. ಹೊಲದ ಬದುವಿನ ಮೇಲೆ ರುದ್ರಾಣಿ ಸತ್ತ ಎಂಜಿನ್ ಒಂದರ ಮೈಯನ್ನು ಪಕ್ಕಕ್ಕೆ ಕೊಯ್ದು, ಒಳಗಿನ ಸೌಟು ಕಾಣುವಂತೆ ಇಟ್ಟಿದ್ದರು. ಮೊದಲೇ ಬಿಡಿಸಿಟ್ಟಿದ್ದ ದಂಡಕ್ಕೆ ಬ್ಯಾಟರಿ ಡ್ರಿಲ್ ಸಿಕ್ಕಿಸಿದರು. ಮೊದಲು ಬಾಟಲಿಯ ಎಣ್ಣೆ. ಸೌಟು ತಿರುಗಿತು, ಎಣ್ಣೆಯಲ್ಲಿ ಒಂದು ಹಳ್ಳ ಬಿತ್ತು. ಮೇಲೆ ಒಣ ಒಣ. ಆಮೇಲೆ ತೊಳೆದು 10W-30 ಸುರಿದರು.

"ವಸಿ ಹತ್ರ ಬನ್ನಿ ಸಾ. ಸರ್ಯಾಗಿ ನೋಡಿ."

ಅಧಿಕಾರಿ ಬಗ್ಗಿದರು. ಡ್ರಿಲ್ ತಿರುಗಿತು. ಎಣ್ಣೆ ಜೀರುಂಡೆ ಹಿಂಡಿನಂತೆ ಸಿಡಿದು ಸ್ವೆಟರಿನ ಎದೆಯ ತುಂಬ ಕೂತಿತು.

"ಬಿತ್ತಲ್ಲ ಸಾ ಸಾಕ್ಷಿ," ಎಂದರು ಚನ್ನಮಲ್ಲಮ್ಮ. "ಒಗೀಬ್ಯಾಡಿ. ಕಡತದ ಜೊತೆ ಮಡಗಿ."

ಹದಿನೆಂಟು ಹೆಂಗಸರ ನಗು ಅರಳಿಕಟ್ಟೆಯವರೆಗೂ ಕೇಳಿತಂತೆ.

ಇಲ್ಲಿಗೆ ಸುಖವಾಗಿದ್ದರು ಎಂದು ಮುಗಿಸಲು ಇದು ಕಥೆಯಲ್ಲ. ಆರು ಎಂಜಿನ್ ಬದಲಾಗಿ ಬಂದವು ನಿಜ. ಉಳಿದ ಮೂರು ಹಿಡಿದುಕೊಳ್ಳುವ ಮೊದಲೇ ರುದ್ರಾಣಿ ತಾವೇ ಎಣ್ಣೆ ಬದಲಿಸಿದ್ದರು, ಅವು ಇಂದಿಗೂ ಓಡುತ್ತಿವೆ. ಆದರೆ ಕಂಪನಿಯ ಪತ್ರದಲ್ಲಿ 'ಸದ್ಭಾವನೆಯ ಮೇರೆಗೆ ಬದಲಿಸಿಕೊಡಲಾಗಿದೆ' ಎಂದಿದೆ. ಆ ಪದ ನೆನೆದರೆ ರುದ್ರಾಣಿಗೆ ಮೈ ಉರಿಯುತ್ತದೆ. "ಕೆಡಿಸಿದ್ನ ಸರಿ ಮಾಡೋದು ಸದ್ಭಾವನೆಯಾ? ಕಾಲು ತುಳ್ದು ಆಮೇಲೆ ತನ್ನ ಕಾಲ ಎತ್ಕಂಡೋನು ಪುಣ್ಯಾತ್ಮನಾ?" ತಪ್ಪಾಯಿತು ಎಂದು ಯಾರೂ ಹೇಳಿಲ್ಲ. ಫಾರಮ್ಮಿನಲ್ಲಿ ಇಂದಿಗೂ ಮೂರೇ ಚೌಕ. ಯಳಂದೂರು ಕಡೆ ಮೊನ್ನೆ ಹಂಚಿದ ಯಂತ್ರಗಳ ಜೊತೆಯೂ ಕನ್ನಡದ ಚೀಟಿ ಇರಲಿಲ್ಲ. ಹೊಸ ಯಂತ್ರ ಪಡೆದ ಸಂಘಗಳು ಹಗ್ಗ ಎಳೆಯುವ ಮೊದಲು ರುದ್ರಾಣಿಯ ಮಾಡಿಗೆ ಬಂದು ಎಣ್ಣೆ ಮೂಸಿಸಿಕೊಂಡು ಹೋಗುತ್ತವೆ. ಆ ಕೆಲಸಕ್ಕೆ ಅವರು ಏನೂ ತೆಗೆದುಕೊಳ್ಳುವುದಿಲ್ಲ, ಬೈಗುಳವನ್ನು ಬಿಡುವುದೂ ಇಲ್ಲ.

ಅವರ ಆಸೆ ಕೇಳಿದರೆ ಬೋರ್ಡಿನ ಮಾತು ಬರುವುದಿಲ್ಲ. "ಎಣ್ಣೆ ಮುಚ್ಚಳದ ಮ್ಯಾಲೆ ಕನ್ನಡದಲ್ಲಿ ಎಲ್ಡು ನಂಬರ್ ಕೊರೀಲಿ. ಒಂದು ಬೆಳ್ಳಗಲ ಜಾಗ ಸಾಕು. ನಂಗೆ ಬೈಯ್ಯೋ ಕೆಲ್ಸ ಉಳೀತದೆ."

ಕಡತದ ನಕಲನ್ನು ಚನ್ನಮಲ್ಲಮ್ಮ ತಂದುಕೊಟ್ಟಿದ್ದಾರೆ. 'ಬಳಕೆದಾರರು ಎಣ್ಣೆ ಹಾಕದೆ ಓಡಿಸಿದ್ದರಿಂದ' ಎಂಬ ಟೈಪು ಮಾಡಿದ ಸಾಲಿನ ಮೇಲೆ ಪೆನ್ನಿನಲ್ಲಿ ಗೀಟು ಎಳೆದು, ಪಕ್ಕದಲ್ಲಿ ಅಧಿಕಾರಿಯ ಚಿಕ್ಕ ರುಜು ಇದೆ. ರುದ್ರಾಣಿ ಅದನ್ನು ಬಿಡಿಸಿ ಬೆಳಕಿಗೆ ಹಿಡಿಯುತ್ತಾರೆ. ಎಣ್ಣೆ ಕೈ ತಾಗದಂತೆ ಅಂಚನ್ನಷ್ಟೇ ಹಿಡಿದಿದ್ದಾರೆ.

"ಗೀಟು ವಸಿ ಸೊಟ್ಟಗದೆ ನೋಡಿ. ಎಳ್ಯಕೆ ಮನ್ಸಿಲ್ದೆ ಎಳ್ದಿರೋದು ಅದು," ಎನ್ನುತ್ತಾರೆ. "ಆದ್ರೂ ಎಳುದ್ರು."